ಎತ್ತಬಾರದ ಕರೆಗಳು

ಆ ಚಳಿಗಾಲದ ಕೊನೆಯಲ್ಲಿ ನಾನು ವಾರಕ್ಕೆ ಎರಡು ಕಡೆ ಫೋನುಗಳನ್ನು ಹಳೆಯ ತಾಮ್ರದ ತಂತಿಯಿಂದ ಬಿಡಿಸಿ ಇಂಟರ್ನೆಟ್ಟಿಗೆ ಕಟ್ಟುತ್ತಿದ್ದೆ. ಸೋಮವಾರ ಹಲ್ಲಿನ ಡಾಕ್ಟರ ಕ್ಲಿನಿಕ್ ಆದರೆ ಗುರುವಾರ ಟೈರ್ ಅಂಗಡಿ. ಹೋದಲ್ಲೆಲ್ಲ ಅದೇ ಮಾತು. ನಿಮ್ಮ ಧ್ವನಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದೊಂದಕ್ಕೂ ವಿಳಾಸ ಅಂಟಿಸಿ, ಇಮೇಲ್ ಹೋಗುವ ದಾರಿಯಲ್ಲೇ ಕಳಿಸುತ್ತೇವೆ. ಆ ಕಡೆ ಚೂರುಗಳನ್ನು ಸಾಲಾಗಿ ಜೋಡಿಸಿದರೆ ಮತ್ತೆ ಧ್ವನಿಯಾಗುತ್ತದೆ. ನಂಬರ್ ಹಳೆಯದೇ, ಆದರೆ ಅದು ಗೋಡೆಗೆ ಅಂಟಿಕೊಂಡಿರುವುದಿಲ್ಲ. ಆಫೀಸಿನಲ್ಲೂ ಎತ್ತಬಹುದು, ಮೊಬೈಲಿನಲ್ಲೂ ಎತ್ತಬಹುದು. ಒಂದೇ ಹೊತ್ತಿಗೆ ನಾಲ್ಕು ಜನ ಕರೆ ಮಾಡಿದರೂ ಎಂಗೇಜ್ ಸದ್ದು ಬರುವುದಿಲ್ಲ. ಯಾರು, ಯಾವಾಗ, ಎಷ್ಟು ಸೆಕೆಂಡು ಮಾತಾಡಿದರು ಎನ್ನುವುದೆಲ್ಲ ಪರದೆಯ ಮೇಲೆ ಕಾಣುತ್ತದೆ. ಕರೆಂಟ್ ಹೋದರೆ ಮಾತ್ರ ಫೋನೂ ಹೋಗುತ್ತದೆ, ಅದಕ್ಕೆ ಒಂದು ಬ್ಯಾಟರಿ ಇಡಿ.

ಹೇಳಿ ಹೇಳಿ ನಾಲಿಗೆ ಸವೆದಿತ್ತು. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಆ ಆರು ತಿಂಗಳು ಬೇರೆ ಊರಿನಲ್ಲಿ ಡ್ಯೂಟಿ. ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನ ಮನೆಯಲ್ಲಿ ನಾನು ಮತ್ತು ಒಂಬತ್ತು ವರ್ಷದ ಮಗಳು. ಬೇಜಾರಾಗಿತ್ತು ಎಂದು ಹೇಳಲಾರೆ. ಬೇಜಾರಾಗುವುದಕ್ಕೂ ಒಳಗೆ ಏನಾದರೂ ಅಲುಗಾಡಬೇಕು. ನನ್ನೊಳಗೆ ಏನೂ ಅಲುಗಾಡುತ್ತಿರಲಿಲ್ಲ. ಕೆಲಸ ಮಾತ್ರ ಸರಿಯಾಗಿ ಮಾಡುತ್ತಿದ್ದೆ, ಅದಕ್ಕೆ ಮನಸ್ಸು ಬೇಕಾಗಿರಲಿಲ್ಲ.

ಹಾಗಿದ್ದಾಗ ಬಂದದ್ದು ವಯಸ್ಸಾದವರ ಡೇ ಸೆಂಟರಿನ ಕೆಲಸ. ಬ್ಯಾಲಿನ್‌ಕೊಲಿಗ್‌ನಿಂದ ಪಶ್ಚಿಮಕ್ಕೆ ನಲವತ್ತು ನಿಮಿಷದ ದಾರಿಯಲ್ಲಿ ಒಂದು ಸಣ್ಣ ಊರು. ಚರ್ಚಿನ ಪಕ್ಕದ ಹಾಲ್‌ನಲ್ಲಿ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಊರಿನ ಹಿರಿಯರು ಸೇರುತ್ತಾರೆ, ಬಿಸಿ ಊಟ, ಇಸ್ಪೀಟು, ವಾರಕ್ಕೊಮ್ಮೆ ಕಾಲುಗುರು ಕತ್ತರಿಸುವವರು. ಒಬ್ಬ ಮ್ಯಾನೇಜರ್, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಒಳ್ಳೆಯ ಹೆಂಗಸು. ಇಡೀ ಸೆಂಟರಿಗೆ ಒಂದೇ ನಂಬರ್. ಕರೆ ಬಂದರೆ ಆಫೀಸಿನ ಫೋನು, ಅಡುಗೆಮನೆಯ ಗೋಡೆಯ ಫೋನು ಎರಡೂ ಬಡಿದುಕೊಳ್ಳುತ್ತಿದ್ದವು.

ಸರ್ವೇಗೆ ಹೋದ ದಿನ ಹಳೆಯ ಸಿಸ್ಟಮಿನಿಂದ ಕರೆಗಳ ಪಟ್ಟಿ ತೆಗೆದೆ. ಎರಡು ಸಂಗತಿ ಕಣ್ಣಿಗೆ ಬಿದ್ದವು. ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿದಿನ ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಹನ್ನೊಂದು ಕರೆಗಳು ಬರುತ್ತಿದ್ದವು. ಅವೇ ನಂಬರುಗಳು. ಯಾವುದನ್ನೂ ಯಾರೂ ಎತ್ತಿರಲಿಲ್ಲ. ಹತ್ತು ಸೆಕೆಂಡು ರಿಂಗಾಗಿ ಕಟ್. ಎರಡನೆಯದು, ಅಡುಗೆಮನೆಯ ಫೋನಿನಲ್ಲಿ ಒಂದು ವರ್ಷದಿಂದ ಒಂದು ಕರೆಯನ್ನೂ ಎತ್ತಿರಲಿಲ್ಲ, ಒಂದನ್ನೂ ಮಾಡಿರಲಿಲ್ಲ.

ನನಗೆ ಅರ್ಥವಾದದ್ದು ಇಷ್ಟು: ಪಾಪ, ಹಿರಿಯರು ಬೆಳಿಗ್ಗೆ ಬೆಳಿಗ್ಗೆ ಕರೆ ಮಾಡುತ್ತಾರೆ, ಎತ್ತುವವರಿಲ್ಲ, ಸಾಕಾಗಿ ಇಟ್ಟುಬಿಡುತ್ತಾರೆ. ಮ್ಯಾನೇಜರಿಗೆ ತೋರಿಸಿದೆ. ಅವರಿಗೆ ನಾಚಿಕೆಯಾಯಿತು.

"ನಾನು ಬರೋದೇ ಒಂಬತ್ತೂವರೆಗೆ," ಎಂದರು. "ಏನಾದ್ರೂ ಮಾಡಕ್ಕಾಗತ್ತಾ?"

"ಆಗತ್ತೆ. ಮೊದಲ ರಿಂಗಿಗೇ ಸಿಸ್ಟಮ್ ಎತ್ತಿ ಮಾತಾಡಿಸೋ ಹಾಗೆ ಮಾಡ್ತೀನಿ. ಸೆಂಟರಿಗೆ ಬರೋಕೆ ಮಿನಿಬಸ್ ಬೇಕಿದ್ದರೆ ಒಂದು ಒತ್ತಿ, ಆಫೀಸಿಗೆ ಎರಡು. ಏನೂ ಒತ್ತದಿದ್ರೆ ಮೆಸೇಜ್ ಬಿಡಬಹುದು. ಇನ್ಮೇಲೆ ನಿಮ್ಮಲ್ಲಿ ಮಿಸ್ಡ್ ಕಾಲ್ ಅನ್ನೋದೇ ಇರಲ್ಲ."

ಅಡುಗೆಮನೆಯ ಫೋನ್ ಬೇಡ ಎಂದು ಫಾರಂನಲ್ಲಿ ಬರೆದೆ, ಅವರು ಸಹಿ ಹಾಕಿದರು. ಅಡುಗೆಯವರನ್ನು ಕೇಳೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಬಳಸದ ಫೋನಿನ ಬಗ್ಗೆ ಕೇಳುವುದೇನಿದೆ.

ಸ್ವಾಗತದ ಮಾತನ್ನು ನಾನೇ ರೆಕಾರ್ಡ್ ಮಾಡಿದೆ. ಸಾಮಾನ್ಯವಾಗಿ ಆಮೇಲೆ ಅವರವರು ತಮ್ಮ ಧ್ವನಿ ಹಾಕಿಕೊಳ್ಳುತ್ತಾರೆ, ಅಲ್ಲಿಯವರೆಗೆ ನನ್ನದು. ಭಾನುವಾರ ಮನೆಯಲ್ಲಿ ಓದುತ್ತಿದ್ದಾಗ ಮಗಳು ಕೇಳಿಸಿಕೊಂಡಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಕಾರ್ಕಿನ ಇಂಗ್ಲಿಷಿನಲ್ಲಿ.

"ಹೇಗಿದೆ ಹೇಳೇ."

"ಅಮ್ಮಾ, ಯು ಸೌಂಡ್ ಲೈಕ್ ದಿ ಏರ್‌ಪೋರ್ಟ್. ಸೇ ಇಟ್ ಲೈಕ್ ಯು'ರ್ ಟಾಕಿಂಗ್ ಟು ಸಮ್‌ಒನ್."

ಅವಳೇ ತಿದ್ದಿ ತಿದ್ದಿ ಹೇಳಿಕೊಟ್ಟಳು. ಕೊನೆಗೆ ರೆಕಾರ್ಡ್ ಆದದ್ದು ಹೀಗೆ: ಹಲೋ, ಹೇಗಿದ್ದೀರಾ? ಸ್ವಲ್ಪ ತಾಳಿ, ಯಾರಾದರೂ ಈಗಲೇ ಬರುತ್ತಾರೆ. ಅದಾದ ಮೇಲೆ ಒಂದು, ಎರಡರ ವಿಷಯ. ಚೆನ್ನಾಗಿ ಬಂದಿತ್ತು. ನಿಜವಾಗಿ ಯಾರೋ ಕುರ್ಚಿ ಸರಿಸಿ ಎದ್ದು ಹೋಗಿ ಕರೆದುಕೊಂಡು ಬರುತ್ತಾರೆ ಎನ್ನುವ ಹಾಗಿತ್ತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಂಬರ್ ಹಳೆಯ ಕಂಪನಿಯಿಂದ ನಮ್ಮ ಕಡೆಗೆ ಬಂತು. ಬಂದ ಕೂಡಲೇ ತೊಂದರೆ ಶುರುವಾಯಿತು. ನಮ್ಮ ಮಾತು ಹೊರಗೆ ಕೇಳುತ್ತಿತ್ತು, ಹೊರಗಿನವರ ಮಾತು ನಮಗೆ ಕೇಳುತ್ತಿರಲಿಲ್ಲ. ಇದು ನನಗೆ ಪರಿಚಯದ ಕಾಯಿಲೆ. ಇಂಟರ್ನೆಟ್ ಪೆಟ್ಟಿಗೆಯಲ್ಲಿ ಫೋನಿನ ಕರೆಗಳಿಗೆ ಸಹಾಯ ಮಾಡಲೆಂದೇ ಒಂದು ಸೌಲಭ್ಯವಿರುತ್ತದೆ, ಅದು ಚೂರುಗಳ ಮೇಲಿನ ವಿಳಾಸವನ್ನು ತನ್ನಷ್ಟಕ್ಕೆ ತಿದ್ದಿ ಎಲ್ಲ ಕೆಡಿಸುತ್ತದೆ. ಕೇಳದೆ ಸಹಾಯಕ್ಕೆ ಬರುವ ನೆಂಟರ ಜಾತಿಯದು. ಅದನ್ನು ಆಫ್ ಮಾಡಿದೆ, ಸರಿಹೋಯಿತು. ಆಮೇಲೆ ಹಾಲ್‌ನ ಟಿವಿಯಲ್ಲಿ ಚರ್ಚಿನ ಪೂಜೆಯ ನೇರಪ್ರಸಾರ ಹಾಕಿದೊಡನೆ ಫೋನಿನ ಮಾತು ತುಂಡು ತುಂಡಾಗತೊಡಗಿತು. ಮೊದಲು ಧ್ವನಿಯ ಚೂರುಗಳನ್ನು ಬಿಡು, ಟಿವಿ ಆಮೇಲೆ ಎಂದು ಪೆಟ್ಟಿಗೆಗೆ ಹೇಳಿಟ್ಟೆ. ಮೂರು ಗಂಟೆಗೆ ಎಲ್ಲ ನಡೆಯುತ್ತಿತ್ತು. ಅಡುಗೆಮನೆಯ ಗೋಡೆಯಿಂದ ಫೋನ್ ಕಳಚಿ, ಎರಡು ತೂತುಗಳಿಗೆ ಬಿಳಿ ಪೇಸ್ಟ್ ತುಂಬಿದೆ. ಒಲೆಯ ಮುಂದೆ ಇದ್ದದ್ದು ಆ ವಾರಕ್ಕೆ ಮಾತ್ರ ಬಂದಿದ್ದ ಬದಲಿ ಅಡುಗೆಯಾಕೆ. ಅವರು ನೋಡಿ ಮತ್ತೆ ಒಲೆಯ ಕಡೆಗೆ ತಿರುಗಿದರು. ಸಿಬ್ಬಂದಿಗೆ ತರಬೇತಿ ಮುಂದಿನ ಸೋಮವಾರ ಎಂದು ನಿಗದಿಯಾಯಿತು.

ಶುಕ್ರವಾರ ಬೆಳಿಗ್ಗೆ ಎಂಟೂಹತ್ತಕ್ಕೆ ನನ್ನ ಮೊಬೈಲಿಗೆ ಕರೆ ಬಂತು. ಸೆಂಟರಿನ ಖಾಯಂ ಅಡುಗೆಯವರು. ನಾಲ್ಕು ದಿನ ಮಗಳ ಬಾಣಂತನಕ್ಕೆ ಹೋಗಿ ಆಗಷ್ಟೇ ಬಂದಿದ್ದರು.

"ನನ್ನ ಫೋನ್ ಎಲ್ಲಿ?"

"ಅದನ್ನ ಯಾರೂ ಬಳಸ್ತಿರಲಿಲ್ಲ ಅಂತ ತೆಗೆದ್ವಿ. ಒಂದು ಕರೆನೂ ಎತ್ತಿರಲಿಲ್ಲ."

"ಎತ್ತಬಾರದು ಕಣಮ್ಮ," ಎಂದರು. ಸಿಟ್ಟಿರಲಿಲ್ಲ, ಮಗುವಿಗೆ ಹೇಳುವ ಹಾಗಿತ್ತು. "ಒಬ್ಬೊಬ್ಬರೇ ಇರೋರು ಹನ್ನೊಂದು ಜನ. ಎದ್ದ ಮೇಲೆ ಮೂರು ರಿಂಗ್ ಕೊಟ್ಟು ಇಡ್ತಾರೆ. ಆಲೂಗಡ್ಡೆ ಸುಲೀತಾ ಫೋನಲ್ಲಿ ಯಾರ ಹೆಸರು ಬಂತು ನೋಡ್ತೀನಿ, ಪಟ್ಟೀಲಿ ಗೀಟು ಹಾಕ್ತೀನಿ. ಒಂಬತ್ತಕ್ಕೆ ಗೀಟಿಲ್ಲದೋರ ಮನೆಗೆ ಯಾರನ್ನಾದ್ರೂ ಕಳಿಸ್ತೀನಿ. ಹದಿನಾಲ್ಕು ವರ್ಷದಿಂದ ಹೀಗೇ."

ಬದಲಿಗೆ ಬಂದಿದ್ದಾಕೆಗೆ ಎಲ್ಲ ಹೇಳಿಕೊಟ್ಟೇ ಹೋಗಿದ್ದರಂತೆ. ನಾನು ಫೋನ್ ಕಳಚಿದ್ದನ್ನು ನೋಡಿ ಆಕೆ, ಇನ್ನು ಈ ಕೆಲಸವನ್ನೂ ಹೊಸ ಸಿಸ್ಟಮೇ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದರು. ಮಂಗಳವಾರದಿಂದ ಪಟ್ಟಿ ಖಾಲಿ.

ಮಿಸ್ಡ್ ಕಾಲ್. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದ ಮೂರು ವರ್ಷ ನಾನು ಮನೆಯವರ ಜೊತೆ ಮಾತಾಡಿದ್ದಕ್ಕಿಂತ ಮಿಸ್ಡ್ ಕಾಲ್ ಕೊಟ್ಟದ್ದೇ ಹೆಚ್ಚು. ಒಂದು ರಿಂಗ್ ಎಂದರೆ ಬಸ್ಸು ತಲುಪಿತು, ಎರಡಾದರೆ ನೀವೇ ಮಾಡಿ. ಅಪ್ಪ ಅಪ್ಪಿತಪ್ಪಿ ಎತ್ತಿಬಿಟ್ಟರೆ ಅಮ್ಮ ಬೈಯುತ್ತಿದ್ದರು. ಇದೇ ಲೋಕದಿಂದ ಬಂದ ನಾನು ಹನ್ನೊಂದು ಮಿಸ್ಡ್ ಕಾಲುಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಪಾಪ, ಎತ್ತುವವರಿಲ್ಲ ಎಂದು ಮರುಗಿದ್ದೆ. ನಮ್ಮೂರಿನ ಬಡವರ ಉಪಾಯ ಇಲ್ಲಿಯವರಿಗೂ ಇದ್ದೀತು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ.

ಫೋನ್ ಹಿಡಿದುಕೊಂಡೇ ಇರಿ ಎಂದು ಹೇಳಿ ಲ್ಯಾಪ್‌ಟಾಪ್ ತೆರೆದೆ. ಎಲ್ಲಿ ಕುಳಿತರೂ ಕಾಣುವ ಪಟ್ಟಿ, ನಾನೇ ಊರೆಲ್ಲ ಹೊಗಳುತ್ತಿದ್ದ ಸೌಲಭ್ಯ. ನಂಬರುಗಳನ್ನು ಒಂದೊಂದಾಗಿ ಓದಿದೆ, ಅವರು ಹೆಸರು ಹೇಳುತ್ತಾ ಹೋದರು. ಮಂಗಳವಾರ, ಬುಧವಾರ ಎಲ್ಲರೂ ತಪ್ಪದೆ ಕರೆ ಮಾಡಿದ್ದರು. ನನ್ನ ಧ್ವನಿ ಕೇಳಿ ನಾಲ್ಕೈದು ಸೆಕೆಂಡಿಗೆ ಇಟ್ಟಿದ್ದರು. ಗುರುವಾರ ಹತ್ತೇ ಜನ. ಹನ್ನೊಂದನೆಯ ನಂಬರಿನಿಂದ ಕೊನೆಯ ಕರೆ ಬುಧವಾರ ಎಂಟೂನಲವತ್ತಕ್ಕೆ ಬಂದಿತ್ತು. ಮೂರು ನಿಮಿಷ ಚಿಲ್ಲರೆ. ಏನೂ ಒತ್ತಿಲ್ಲ, ಮೆಸೇಜ್ ಇದೆ, ಯಾರೂ ಕೇಳಿಲ್ಲ.

ಆ ನಂಬರ್ ಗುಡ್ಡದ ಮೇಲಿನ ಮನೆಯ ಹೆಂಗಸಿನದು, ಎಂಬತ್ತೊಂದು ವರ್ಷ. ಊರಿನ ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದವರು. ಊರಿನ ಅರ್ಧ ಜನ ಅವರ ಬಸ್ಸಿನಲ್ಲಿ ಕುಳಿತು ಬೆಳೆದವರೇ.

ಅಡುಗೆಯವರನ್ನು ಹೋಲ್ಡ್‌ನಲ್ಲಿಟ್ಟು ಮೆಸೇಜಿನ ಮೊದಲ ಭಾಗ ಕೇಳಿದೆ. ಇಪ್ಪತ್ತು ಸೆಕೆಂಡು ಸಾಕಾಯಿತು.

"ಬಿದ್ದಿದ್ದಾರೆ," ಎಂದೆ. "ಈಗಲೇ ಯಾರನ್ನಾದ್ರೂ ಕಳಿಸಿ, ನಾನು ಆಂಬ್ಯುಲೆನ್ಸ್ ಕರೀತೀನಿ. ವಿಳಾಸ ಹೇಳಿ."

ಹೇಗೆ ಗೊತ್ತಾಯಿತು ಎಂದು ಕೇಳಲು ಅವರಿಗೆ ಪುರುಸೊತ್ತಿರಲಿಲ್ಲ. ಪಕ್ಕದ ಹೊಲದವನು ಹತ್ತು ನಿಮಿಷದಲ್ಲಿ ತಲುಪಿ ಬಾಗಿಲು ಒಡೆದ. ಉಸಿರಿತ್ತು, ಮಾತಿರಲಿಲ್ಲ, ಕೈಯಲ್ಲಿ ಚಾರ್ಜ್ ಮುಗಿದ ಕಾರ್ಡ್‌ಲೆಸ್ ಫೋನಿತ್ತು. ಸೊಂಟದ ಮೂಳೆ ಮುರಿದು ಎರಡು ದಿನ, ಎರಡು ರಾತ್ರಿ ಕಲ್ಲುನೆಲದ ಮೇಲೆ ಮಲಗಿದ್ದರು.

ಆಂಬ್ಯುಲೆನ್ಸ್ ಹೊರಟ ಸುದ್ದಿ ಬಂದ ಮೇಲೆ ಮೆಸೇಜ್ ಪೂರ್ತಿ ಕೇಳಿದೆ. ಹೆಡ್‌ಫೋನ್ ತೆಗೆದಿಟ್ಟು ಮಗಳ ಡಬ್ಬಿಗೆ ಚಪಾತಿ ಸುತ್ತಿ, ಸ್ಕೂಲಿಗೆ ಬಿಟ್ಟು ಬಂದೆ. ಅಳು ಬರಲಿಲ್ಲ. ಅಳು ಬರಬೇಕಾಗಿತ್ತು ಎಂದು ಗೊತ್ತಿತ್ತು, ಬರಲಿಲ್ಲ.

ನಮ್ಮ ಟೀಮ್ ಲೀಡ್ ಮೈಸೂರಿನವರು, ಡಬ್ಲಿನ್ನಿನ ಸ್ಯಾಂಟ್ರಿಯ ಆಫೀಸಿನಲ್ಲಿ ಕೂರುತ್ತಾರೆ. ಮಧ್ಯಾಹ್ನ ಫೋನಿನಲ್ಲಿ ಎಲ್ಲ ಹೇಳಿದೆ.

"ಮೆಸೇಜ್ ಬಂದಿರೋದು ಅವರ ಮ್ಯಾನೇಜರಿಗೆ ಗೊತ್ತಾಗಿರಲಿಲ್ವಾ? ಫೋನಲ್ಲಿ ಕೆಂಪು ಲೈಟ್ ಬರತ್ತಲ್ಲ."

"ಬರ್ತಿತ್ತಂತೆ. ಕರೆಂಟ್ ಇದೆ ಅನ್ನೋದಕ್ಕೆ ಆ ಲೈಟು ಅಂದ್ಕೊಂಡ್ರಂತೆ. ಟ್ರೇನಿಂಗ್ ಸೋಮವಾರ ಇತ್ತು."

"ಸರಿ. ನೋಡು, ಕಿಚನ್ ಫೋನ್ ಬೇಡ ಅಂತ ಅವರದೇ ಸೈನ್ ಇದೆ. ಸಿಸ್ಟಮ್ ಡಿಸೈನ್ ಪ್ರಕಾರ ಕೆಲಸ ಮಾಡಿದೆ. ಅಷ್ಟೇ ಬರಿ. ಮೆಸೇಜಲ್ಲಿ ಏನಿದೆ ಅನ್ನೋದನ್ನ ಮೇಲಿನವರು, ಲಾಯರುಗಳು ನೋಡ್ಕೊಳ್ತಾರೆ. ಅದರ ಬಗ್ಗೆ ಫ್ಯಾಮಿಲಿ ಹತ್ರ ಒಂದು ಮಾತೂ ಆಡಬೇಡ."

"ಡಿಸೈನ್ ಮಾಡಿದ್ದು ನಾನು."

"ಗೊತ್ತಮ್ಮ. ಅದಕ್ಕೇ ಹೇಳ್ತಿರೋದು. ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಎರಡು ತಿಂಗಳಿದೆ. ಹೆದರಿಸ್ತಿಲ್ಲ, ನೆನಪಿಸ್ತಿದೀನಿ."

ಕೆಟ್ಟ ಮನುಷ್ಯರಲ್ಲ. ನನ್ನ ಮಗಳ ಹುಟ್ಟುಹಬ್ಬಕ್ಕೆ ಡಬ್ಲಿನ್ನಿನಿಂದ ಗಾಡಿ ಓಡಿಸಿಕೊಂಡು ಬಂದವರು. ಅವರು ಹೇಳಿದ ಹಾಗೆಯೇ ವರದಿ ಬರೆದೆ. ಪ್ರತಿ ವಾಕ್ಯವೂ ನಿಜವಾಗಿತ್ತು.

ಅಡುಗೆಮನೆಯ ಫೋನನ್ನು ವಾಪಸ್ ಹಾಕಲು ಅರ್ಜಿ ಕೊಟ್ಟು ಒಪ್ಪಿಗೆಗೆ ಕಾಯಬೇಕು ಎಂದೂ ಅವರು ಹೇಳಿದ್ದರು. ಅದನ್ನು ಮಾತ್ರ ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಮಗಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಹೊರಟೆ. ಹಳೆಯ ಫೋನನ್ನು ಇಂಟರ್ನೆಟ್ಟಿಗೆ ಸೇರಿಸುವ ಅಂಗೈಯಗಲದ ಒಂದು ಪೆಟ್ಟಿಗೆ ಬರುತ್ತದೆ, ಅದನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು ಬ್ಯಾಟರಿಗೆ ಕಟ್ಟಿದೆ. ಪೇಸ್ಟ್ ತುಂಬಿದ್ದ ತೂತುಗಳನ್ನು ಮತ್ತೆ ಕೊರೆದು ಅದೇ ಫೋನನ್ನು ಅದೇ ಜಾಗದಲ್ಲಿ ನೇತುಹಾಕಿದೆ. ಆಮೇಲೆ ಸಿಸ್ಟಮಿನಲ್ಲಿ ಒಂದು ನಿಯಮ ಬರೆದೆ: ಈ ಹನ್ನೊಂದು ನಂಬರುಗಳಿಂದ ಕರೆ ಬಂದರೆ ಸ್ವಾಗತವಿಲ್ಲ, ಮೆನು ಇಲ್ಲ, ಮೆಸೇಜಿಲ್ಲ. ನೇರ ಅಡುಗೆಮನೆಗೆ ಹೋಗಿ ರಿಂಗಾಗಬೇಕು. ಯಾರೂ ಎತ್ತದಿದ್ದರೆ ರಿಂಗಾಗುತ್ತಲೇ ಇರಬೇಕು. ಅರ್ಧ ಗಂಟೆಯ ಕೆಲಸ.

ರಜೆಯ ದಿನವಾದರೂ ಅಡುಗೆಯವರು ಬಂದು ಬಾಗಿಲು ತೆಗೆದಿದ್ದರು. ತಮ್ಮ ಮೊಬೈಲಿನ ನಂಬರನ್ನೂ ಆ ನಿಯಮಕ್ಕೆ ಸೇರಿಸಲು ಹೇಳಿ ಮೂರು ರಿಂಗ್ ಕೊಟ್ಟು ಪರೀಕ್ಷೆ ಮಾಡಿದರು.

"ಗ್ರ್ಯಾಂಡ್," ಎಂದರು, ಸರಿಹೋಯಿತು ಎನ್ನುವುದಕ್ಕೆ ಇಲ್ಲಿಯವರ ಮಾತು. ಟೀ ಕೊಟ್ಟರು. "ನಿಮ್ಮ ಮಷೀನ್ ಕಂಡುಹಿಡೀದೇ ಇದ್ದಿದ್ರೆ ಇನ್ನೂ ಎರಡು ದಿನ ಅಲ್ಲೇ ಇರ್ತಿದ್ಲು. ದೇವರು ನಿಮಗೆ ಒಳ್ಳೇದು ಮಾಡಲಿ."

ಅವರು ಹಾಗೆ ತಿಳಿದುಕೊಂಡಿದ್ದರು. ದಿನಾ ಬರುವ ಕರೆ ಬಂದಿಲ್ಲವೆಂದು ಸಿಸ್ಟಮೇ ಪತ್ತೆಹಚ್ಚಿ ನನಗೆ ತಿಳಿಸಿತು, ಬಿದ್ದಿರಬೇಕೆಂದು ನಾನು ಊಹಿಸಿದೆ ಎಂದು. ಅಲ್ಲ ಎನ್ನಲು ಬಾಯಿ ತೆರೆದೆ. ಪರ್ಮಿಟ್ಟು ನೆನಪಾಯಿತು, ಟೀ ಕುಡಿದೆ.

"ಅವಳ ತಮ್ಮನ ಕಷ್ಟ ನೋಡಕ್ಕಾಗಲ್ಲ," ಎಂದು ಅವರೇ ಮುಂದುವರಿಸಿದರು. "ಊರೊಳಗೇ ಇದ್ದಾನೆ, ಗಾಡೀಲಿ ಐದು ನಿಮಿಷ. ಹೋದ ತಿಂಗಳು ಅವಳ ಕಾರಿನ ಕೀ ಕಿತ್ಕೊಂಡಿದ್ದ, ಕಣ್ಣು ಕಾಣಲ್ಲ ಅಂತ. ಅವತ್ತಿಂದ ಮಾತಿಲ್ಲ. ಫೋನ್ ಕೈಯಲ್ಲೇ ಇತ್ತಲ್ಲ, ನನಗೆ ಯಾಕೆ ಮಾಡ್ಲಿಲ್ಲ, ಸಾಯ್ತೀನಿ ಆದ್ರೆ ಅವನನ್ನ ಕರೆಯಲ್ಲ ಅನ್ನೋಷ್ಟು ಸಿಟ್ಟಾ ಅಂತ ಕಂಡಕಂಡೋರನ್ನ ಕೇಳ್ತಿದಾನೆ."

ಭಾನುವಾರ ಸಂಜೆ ಗುಡ್ಡದ ಮೇಲಿನ ಮನೆಯಾಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊನೆಯವರೆಗೂ ಎಚ್ಚರವಾಗಲಿಲ್ಲ.

ಇಲ್ಲಿ ಸಾವಿನ ಮನೆಗೆ ಹೋಗುವ ಕ್ರಮ ಬೇರೆ. ಚರ್ಚಿಗೆ ಒಯ್ಯುವ ಹಿಂದಿನ ಸಂಜೆ ದೇಹವನ್ನು ಊರಿನ ಫ್ಯೂನರಲ್ ಹೋಮ್‌ನಲ್ಲಿ ಇಡುತ್ತಾರೆ. ಹತ್ತಿರದವರು ಗೋಡೆಯುದ್ದಕ್ಕೂ ಕುರ್ಚಿಗಳಲ್ಲಿ ಕುಳಿತಿರುತ್ತಾರೆ, ಊರಿಗೆ ಊರೇ ಸಾಲಿನಲ್ಲಿ ಬಂದು ಒಬ್ಬೊಬ್ಬರ ಕೈ ಕುಲುಕಿ ಒಂದೇ ಮಾತು ಹೇಳಿ ಮುಂದೆ ಸರಿಯುತ್ತಾರೆ. ನಿಲ್ಲುವ ಹಾಗಿಲ್ಲ, ಹಿಂದೆ ಜನ ಇರುತ್ತಾರೆ. ಪರಿಚಯವಿಲ್ಲದವರೂ ಹೋಗಬಹುದು, ಯಾರೂ ಯಾಕೆ ಬಂದೆ ಎನ್ನುವುದಿಲ್ಲ.

ಮಂಗಳವಾರ ಸಂಜೆ ಐದಕ್ಕೆ ನಾನೂ ಹೋದೆ. ಲೀಡ್‌ಗೆ ಹೇಳಿರಲಿಲ್ಲ. ಸಾಲು ರಸ್ತೆಯವರೆಗೂ ಇತ್ತು. ಮುಂದಿದ್ದವರು ಬಸ್ಸಿನ ಕಥೆಗಳನ್ನು ಹೇಳಿಕೊಳ್ಳುತ್ತಿದ್ದರು: ಹಿಮ ಬಿದ್ದ ವರ್ಷ ಪ್ರತಿ ಮಗುವನ್ನೂ ಮನೆಬಾಗಿಲಿಗೇ ಇಳಿಸಿದ್ದು, ಗಲಾಟೆ ಮಾಡಿದವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹಾಡು ಹೇಳಿಸಿದ್ದು. ಕೈ ಕುಲುಕಿ ಹೊರಟುಬಿಡಬೇಕು ಎಂದು ನಾನು ನಿರ್ಧರಿಸಿದ್ದೆ.

ಮೊದಲ ಕುರ್ಚಿಯಲ್ಲೇ ಅವರ ತಮ್ಮ ಇದ್ದರು. ಎಪ್ಪತ್ತರ ಆಸುಪಾಸು, ದೊಡ್ಡ ಕೈ, ಹೊಸ ಕಾಲರು ಕುತ್ತಿಗೆಗೆ ಒತ್ತುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅಡುಗೆಯವರು ಬಗ್ಗಿ ಅವರ ಕಿವಿಯಲ್ಲಿ ಹೇಳಿದರು: "ಇವರೇ. ಫೋನ್ ಹುಡುಗಿ. ಇವರೇ ಅವಳನ್ನ ಪತ್ತೆಹಚ್ಚಿದ್ದು."

ಅವರು ಎದ್ದು ನಿಂತು ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡರು. ಅಲ್ಲಿಯವರೆಗೆ ಬೇರೆ ಯಾರಿಗೂ ಎದ್ದಿರಲಿಲ್ಲ.

"ಥ್ಯಾಂಕ್ ಯೂ," ಎಂದರು. "ನೀವಾದ್ರೂ ಕೇಳಿಸಿಕೊಂಡ್ರಿ. ನನಗೆ ಒಂದು ಕರೆ ಮಾಡ್ಲಿಲ್ಲ ಅವಳು. ಐದು ನಿಮಿಷ ಅಷ್ಟೇ. ಒಂದು ಕರೆ."

ನನಗೆ ತಿಳಿದದ್ದು ಆ ಕೋಣೆಯಲ್ಲಿ ಬೇರೆ ಯಾರಿಗೂ ತಿಳಿದಿರಲಿಲ್ಲ. ಆ ಮನುಷ್ಯ ಸಾಯುವವರೆಗೂ ಇದನ್ನೇ ಕೇಳಿಕೊಳ್ಳುತ್ತಾರೆ ಎನ್ನುವುದು ಸ್ಪಷ್ಟವಾಗಿತ್ತು. ಭಯವಾಯಿತು. ಬಹಳ ದಿನಗಳ ಮೇಲೆ ನನಗೆ ಏನಾದರೂ ಆದದ್ದು ಅದೇ ಮೊದಲು.

"ಅವರು ಕರೆ ಮಾಡಿದ್ರು," ಎಂದೆ. "ಬುಧವಾರ ಬೆಳಿಗ್ಗೆ, ಬಿದ್ದ ತಕ್ಷಣ, ಸೆಂಟರಿಗೆ. ನಿಮ್ಮ ಮೇಲಿನ ಸಿಟ್ಟಿಗೆ ನಿಮ್ಮನ್ನ ಬಿಟ್ಟಿದ್ದಲ್ಲ. ಹೇಳಿಯಾಯಿತು ಅಂದುಕೊಂಡಿದ್ರು. ಫೋನ್ ಎತ್ತಿದ್ದು ರೆಕಾರ್ಡ್ ಮಾಡಿದ್ದ ಧ್ವನಿ. ನನ್ನದು. ಅದನ್ನ ಮನುಷ್ಯರೇ ಅಂದುಕೊಂಡು ಎಲ್ಲ ಹೇಳಿದಾರೆ. ಬಿದ್ದದ್ದು, ಕಾಲು ಏಳದೇ ಇರೋದು, ನಿಮ್ಮ ಹೆಸರು. ನನ್ನ ತಮ್ಮನಿಗೆ ತಿಳಿಸು ಹುಡುಗಿ, ಅವನ ಹತ್ರ ಬೀಗದ ಕೈ ಇದೆ ಅಂದಿದಾರೆ. ಆ ಮೆಸೇಜನ್ನ ಶುಕ್ರವಾರದವರೆಗೆ ಯಾರೂ ಕೇಳಲಿಲ್ಲ."

ಅವರ ಮುಖ ಮೊದಲು ಸಡಿಲವಾಯಿತು. ಭುಜ ಇಳಿಯಿತು, ಉಸಿರು ಬಿಟ್ಟರು. "ನನ್ನ ಹೆಸರು ಹೇಳಿದ್ಲಾ?" ಎಂದರು.

"ಹೌದು."

ಆಮೇಲೆ ಉಳಿದದ್ದು ಅರ್ಥವಾಯಿತು. ಅದು ಅರ್ಥವಾಗುತ್ತಿರುವುದನ್ನು ನಾನು ಎದುರಿಗೇ ನಿಂತು ನೋಡಿದೆ. ನನ್ನ ಹಿಂದಿನ ಸಾಲು ನಿಂತೇ ಇತ್ತು. ಅವರು ಒಂದು ಕೈ ಬಿಟ್ಟರು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ಬಿಟ್ಟರು.

"ಕೊನೇಲಿ ಏನಂದ್ಲು?"

"ಅವಸರ ಇಲ್ಲ, ಅವನು ಬರೋವರೆಗೂ ಕಾಯ್ತೀನಿ ಅಂದ್ರು."